ನಿದ್ದೆ ಮಾತ್ರೆ: ಯಾರಿಗೆ, ಎಷ್ಟು ದಿನ?

ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಂಡವರಿಗೆ ನಮ್ಮಲ್ಲಿ ಎರಡು ಬಗೆಯ ಉತ್ತರ ಸಿಗುತ್ತದೆ. ‘ಈ ಮಾತ್ರೆ ತಗೊಳ್ಳಿ, ಮಲಗೋಕೆ ಮುಂಚೆ ಅರ್ಧ ಸಾಕು’ ಎಂಬುದು ಒಂದು. ‘ಮಾತ್ರೆ ಮಾತ್ರ ಮುಟ್ಟಬೇಡಿ, ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ಲ’ ಎಂಬುದು ಇನ್ನೊಂದು. ಮೊದಲನೆಯದನ್ನು ಸಾಮಾನ್ಯವಾಗಿ ಡಾಕ್ಟರು ಹೇಳುತ್ತಾರೆ, ಎರಡನೆಯದನ್ನು ಮನೆಯವರು. ಈಚಿನ ವರ್ಷಗಳಲ್ಲಿ ನಿದ್ರಾತಜ್ಞರು ಮನೆಯವರ ಮಾತಿನ ಕಡೆಗೇ ಹೆಚ್ಚು ವಾಲಿದ್ದಾರೆ, ಮೊದಲು ಔಷಧಿಯಿಲ್ಲದ ಚಿಕಿತ್ಸೆ ಎನ್ನುತ್ತಾರೆ. ಎರಡರ ಹಿಂದೆಯೂ ನಿಜವಾದ ಅನುಭವವಿದೆ. ಆದರೆ ನಡುರಾತ್ರಿ ಗಡಿಯಾರ ನೋಡುತ್ತ ಕೂತವರಿಗೆ, ತಮ್ಮ ಪಾಲಿಗೆ ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಬೇಕಾದ ತಿಳಿವಳಿಕೆ ಸಿಗುವುದೇ ಇಲ್ಲ. ಅದಕ್ಕೇ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆನ್ನಿಸಿತು.

ಮಲಗಲು ಹೊತ್ತು, ಜಾಗ ಎಲ್ಲ ಇದ್ದೂ ನಿದ್ದೆ ಹತ್ತದಿರುವುದು, ಹತ್ತಿದರೂ ನಡುವೆ ಎಚ್ಚರವಾಗಿ ಮತ್ತೆ ಬಾರದಿರುವುದು, ಇಲ್ಲವೇ ಬೆಳಕು ಹರಿಯುವ ಎಷ್ಟೋ ಮುಂಚೆ ಕಣ್ಣು ಬಿಟ್ಟುಕೊಳ್ಳುವುದು, ಅದರಿಂದ ಮರುದಿನದ ಕೆಲಸವೂ ಮನಸ್ಸೂ ಕೆಡುವುದು: ಇದು ನಿದ್ರಾಹೀನತೆ. ವಾರಕ್ಕೆ 3 ರಾತ್ರಿಯಾದರೂ ಹೀಗಾಗುತ್ತ 3 ತಿಂಗಳು ಕಳೆದರೆ ಅದನ್ನು ದೀರ್ಘಕಾಲದ್ದು ಎನ್ನುತ್ತಾರೆ. ವಯಸ್ಕರಲ್ಲಿ ಸುಮಾರು ನೂರಕ್ಕೆ 10 ಮಂದಿ ಈ ಸ್ಥಿತಿಯಲ್ಲಿದ್ದಾರೆ ಎಂಬುದು ಹಲವು ದೇಶಗಳ ಅಂದಾಜು. ‘ಹೊತ್ತು ಇದ್ದೂ’ ಎಂಬ ಷರತ್ತು ಮುಖ್ಯ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದು, ಬೀದಿಯ ಗದ್ದಲದ ನಡುವೆ ಮಲಗಬೇಕಾದ ಬೆಂಗಳೂರಿನ ಕಾಲ್ ಸೆಂಟರ್ ಹುಡುಗಿಗಾಗಲಿ, ಹಸುಗೂಸಿನ ತಾಯಿಗಾಗಲಿ ನಿದ್ದೆ ಮಾಡುವ ಶಕ್ತಿ ಕೆಟ್ಟಿಲ್ಲ. ನಿದ್ದೆ ಮಾಡಲು ಬಿಡುವಿಲ್ಲ, ಅಷ್ಟೆ. ಅವರಿಗೆ ಮಾತ್ರೆಯೂ ಉತ್ತರವಲ್ಲ, ಚಿಕಿತ್ಸೆಯೂ ಅಲ್ಲ. ಬದಲಾಗಬೇಕಾದದ್ದು ಕೆಲಸದ ವೇಳೆ, ಮನೆಯಲ್ಲಿ ಹೆಗಲು ಕೊಡುವವರ ಸಂಖ್ಯೆ.

ಇನ್ನು ಕಾರಣಗಳು. ಮಾತ್ರೆಯ ಪರ ಇರುವವರೂ ವಿರುದ್ಧ ಇರುವವರೂ ಸಮನಾಗಿ ಒಪ್ಪಬೇಕಾದ ಮಾತೊಂದಿದೆ: ನಿದ್ದೆಗೆಡಿಸುವ ಬೇರೆ ಕಾಯಿಲೆ ಒಳಗೆ ಕೂತಿದೆಯೇ ಎಂದು ಮೊದಲು ನೋಡಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟಿ ಎಚ್ಚರಗೊಳ್ಳುವವರಿಗೆ ಇರುವುದು ಸ್ಲೀಪ್ ಆಪ್ನಿಯಾ ಆಗಿರಬಹುದು. ಅವರಿಗೆ ಡಯಾಜೆಪಾಮ್ ಜಾತಿಯ ಮಾತ್ರೆ ಕೊಟ್ಟರೆ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗಿ ಉಸಿರಾಟ ಮತ್ತೂ ಕೆಡಬಹುದು. ಮಲಗಿದೊಡನೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ ಕಾಲು ಆಡಿಸದೆ ಇರಲಾಗದವರಲ್ಲಿ ಕಬ್ಬಿಣದ ಅಂಶ ಕಡಿಮೆ ಇರಬಹುದು. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮಲ್ಲಿ, ಅದರಲ್ಲೂ ಹೆಂಗಸರಲ್ಲಿ, ಫೆರಿಟಿನ್ ಎಂಬ ಒಂದು ರಕ್ತಪರೀಕ್ಷೆ ಮಾಡಿಸಿದರೆ ವರ್ಷಗಳ ನರಳಾಟ ತಪ್ಪೀತು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವ ಹಿರಿಯರಿಗೆ ಪ್ರಾಸ್ಟೇಟ್ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು, ಅಥವಾ ಬಿಪಿಗೆಂದು ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆಯ ಬದಲು ಸಂಜೆ ನುಂಗುತ್ತಿರಬಹುದು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರನ್ನು ಮೈ ಬಿಸಿಯೇರಿ ಬೆವರುವುದು ಎಬ್ಬಿಸುತ್ತದೆ. ಮನೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಬೆಳಗಿನ ಜಾವಕ್ಕೆ ಎಚ್ಚರವಾಗಿ, ಈ ದಿನ ಯಾಕಾದರೂ ಬೆಳಗಾಗುತ್ತಿದೆಯೋ ಎನ್ನಿಸುವಷ್ಟು ಮನಸ್ಸು ಕುಗ್ಗುತ್ತಿದ್ದರೆ ಅದು ಖಿನ್ನತೆಯ ಗುರುತು. ಅಂಥವರಿಗೆ ಬರೀ ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸುವುದು ಅಪಾಯಕಾರಿ.

ಕಾಫಿ ಮತ್ತು ಹೆಂಡದ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ, ಆದರೂ ಲೆಕ್ಕ ಗೊತ್ತಿರುವುದು ಒಳ್ಳೆಯದು. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಅಂಶ ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಹೆಂಡ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆಯನ್ನು ಚೂರುಚೂರು ಮಾಡುತ್ತದೆ.

ಇವೆಲ್ಲ ಇಲ್ಲದೆಯೂ ನಿದ್ದೆ ಕೆಡುವುದುಂಟು. ನಿದ್ದೆಯನ್ನು ನಡೆಸುವುದು ಎರಡು ವ್ಯವಸ್ಥೆಗಳು ಎಂದು 1982ರಲ್ಲಿ ಜ್ಯೂರಿಕ್‌ನ ಅಲೆಕ್ಸಾಂಡರ್ ಬೊರ್ಬೆಲಿ ತೋರಿಸಿಕೊಟ್ಟರು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತ ಹೋಗುತ್ತದೆ. ಅದರ ಜೊತೆಗೆ ಹಗಲು–ರಾತ್ರಿಗೆ ಹೊಂದಿಕೊಂಡ ಒಳಗಿನ ಗಡಿಯಾರ ಈಗ ಮಲಗು, ಈಗ ಏಳು ಎನ್ನುತ್ತದೆ. ಎರಡೂ ಕೂಡಿಬಂದಾಗ ನಿದ್ದೆ ತಾನಾಗಿ ಬರುತ್ತದೆ. ನಿದ್ರಾಹೀನರಲ್ಲಿ ಇವೆರಡೂ ಸರಿಯಿದ್ದರೂ ಮೂರನೆಯದೊಂದು ಅಡ್ಡ ಬರುತ್ತದೆ. ಮೈಮನಸ್ಸು ಕಾವಲು ಕೂತಂತೆ ಸದಾ ಎಚ್ಚರದಲ್ಲಿರುವ ಸ್ಥಿತಿ ಅದು.

ಆ ಕಾವಲು ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಕೊಟ್ಟ ವಿವರಣೆ ಇವತ್ತಿಗೂ ನಿಂತಿದೆ. ಅವರು ಕಾರಣಗಳನ್ನು ಮೂರಾಗಿ ವಿಂಗಡಿಸಿದರು: ಹುಟ್ಟಿನಿಂದ ಬಂದ ಸ್ವಭಾವ, ನಿದ್ದೆ ಕೆಡಲು ಶುರುವಾದ ಘಟನೆ, ಮತ್ತು ಕೆಟ್ಟ ನಿದ್ದೆಯನ್ನು ಕೆಟ್ಟದ್ದಾಗಿಯೇ ಉಳಿಸುವ ನಡವಳಿಕೆ. ಹೆಂಡತಿ ತೀರಿಕೊಂಡ ಹಿರಿಯರೊಬ್ಬರನ್ನು ನೆನೆದುಕೊಳ್ಳಿ. ಮೊದಲ ವಾರಗಳಲ್ಲಿ ದುಃಖಕ್ಕೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಕಳೆದುಕೊಂಡ ನಿದ್ದೆಯನ್ನು ಹಿಡಿಯಬೇಕೆಂದು ಅವರು ರಾತ್ರಿ 8ಕ್ಕೇ ಮಲಗತೊಡಗುತ್ತಾರೆ. ಮಧ್ಯಾಹ್ನ ಉಂಡು ಎರಡು ಗಂಟೆ ಅಡ್ಡಾಗುತ್ತಾರೆ. ಬೆಳಿಗ್ಗೆ ಎಚ್ಚರವಾದರೂ ಇನ್ನಷ್ಟು ಬರಬಹುದೆಂದು ಹಾಸಿಗೆ ಬಿಡುವುದಿಲ್ಲ. ಹತ್ತು ಗಂಟೆ ಹಾಸಿಗೆಯಲ್ಲಿ, ಐದು ಗಂಟೆ ನಿದ್ದೆ. ಉಳಿದ ಐದು ಗಂಟೆ ಹೊರಳಾಟ, ಲೆಕ್ಕಾಚಾರ, ಭಯ. ಕೆಲವು ತಿಂಗಳಲ್ಲಿ ಹಾಸಿಗೆ ಕಂಡರೇ ಎದೆ ಹೊಡೆದುಕೊಳ್ಳತೊಡಗುತ್ತದೆ. ಅಷ್ಟು ಹೊತ್ತಿಗೆ ದುಃಖದ ಕಾವು ಇಳಿದಿರಬಹುದು, ನಿದ್ದೆ ಮಾತ್ರ ಮರಳಿರುವುದಿಲ್ಲ. ಹೊತ್ತಿಸಿದ ಕಡ್ಡಿ ಆರಿದ ಮೇಲೂ ಒಲೆ ಉರಿಯುತ್ತಲೇ ಇರುತ್ತದೆ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ನಾವು ಗಾದೆ ಹೇಳುತ್ತೇವೆ. ಶುರುವಿನ ಮಟ್ಟಿಗೆ ಅದು ನಿಜ. ವರ್ಷಗಟ್ಟಲೆ ನಿದ್ದೆಗೆಟ್ಟವರ ಮುಂದೆ ಅದನ್ನು ಹೇಳಿದರೆ ಮಾತ್ರ ಅನ್ಯಾಯವಾಗುತ್ತದೆ. ಅವರ ಚಿಂತೆ ಬಹುಪಾಲು ನಿದ್ದೆಯ ಬಗೆಗಿನ ಚಿಂತೆಯೇ ಆಗಿರುತ್ತದೆ, ಅದನ್ನು ಬಿಡಿ ಎಂದರೆ ಹೆಚ್ಚುತ್ತದೆ. ಶುರುಮಾಡಿದ ಕಾರಣ ಬೇರೆ, ಉಳಿಸಿಕೊಂಡಿರುವ ಕಾರಣ ಬೇರೆ ಎಂಬ ಈ ಒಂದು ತಿಳಿವಳಿಕೆ ಇದ್ದರೆ ಮಾತ್ರೆಯ ಜಗಳ ಅರ್ಧ ಬಗೆಹರಿಯುತ್ತದೆ.

ಮಾತ್ರೆಯ ಪಕ್ಷವನ್ನು ಮೊದಲು ಕೇಳೋಣ, ಏಕೆಂದರೆ ಅದನ್ನು ಹಳಿಯುವುದು ಇತ್ತೀಚೆಗೆ ಬಹಳ ಸುಲಭವಾಗಿಬಿಟ್ಟಿದೆ. ಹಿಂದೆ ಇದ್ದ ಬಾರ್ಬಿಟ್ಯುರೇಟ್ ಮಾತ್ರೆಗಳು ಸ್ವಲ್ಪ ಹೆಚ್ಚಾದರೆ ಪ್ರಾಣವನ್ನೇ ತೆಗೆಯುತ್ತಿದ್ದವು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವೇಲಿಯಂ ಬಂದಾಗ ಡಾಕ್ಟರುಗಳು ನಿಟ್ಟುಸಿರು ಬಿಟ್ಟದ್ದರಲ್ಲಿ ಅರ್ಥವಿತ್ತು. ಆಮೇಲೆ ಆಲ್ಪ್ರಜೋಲಾಮ್, ಕ್ಲೊನಜೆಪಾಮ್, 1990ರ ದಶಕದಲ್ಲಿ ಜೊಲ್ಪಿಡೆಮ್ ಬಳಕೆಗೆ ಬಂದವು. ಇವು ಆ ರಾತ್ರಿಯೇ ಕೆಲಸ ಮಾಡುತ್ತವೆ. ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ತಾಯಿ ನಾಲ್ಕು ರಾತ್ರಿ ಕಣ್ಣು ಮುಚ್ಚಿಲ್ಲ ಎಂದರೆ, ಆರು ವಾರದ ಚಿಕಿತ್ಸೆಗೆ ಹೆಸರು ಬರೆಸಿ ಎನ್ನುವುದು ಕರುಣೆಯಲ್ಲ. ಆಪರೇಷನ್ ನೋವಿನಲ್ಲಿರುವವರಿಗೆ ಕೆಲವು ರಾತ್ರಿಗಳ ನಿದ್ದೆ ದೊಡ್ಡ ಆಸರೆ. ಉನ್ಮಾದದ ಅಂಚಿನಲ್ಲಿರುವ ಬೈಪೋಲಾರ್ ರೋಗಿಗೆ ನಿದ್ದೆ ತಪ್ಪಿದರೆ ರೋಗವೇ ಕೆರಳುತ್ತದೆ, ಅಲ್ಲಿ ಔಷಧಿ ಬೇಕೇ ಬೇಕು.

ಡಾಕ್ಟರ ಕಡೆಯಿಂದಲೂ ನೋಡಬೇಕು. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ನಿದ್ದೆಯ ಚಿಕಿತ್ಸೆ ಕಲಿತ ಮನಶ್ಶಾಸ್ತ್ರಜ್ಞರು ಇನ್ನೂ ವಿರಳ. ಹೊರಗೆ ಸಾಲು ನಿಂತಿರುವಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಒಬ್ಬರಿಗೆ ಸಿಗುವುದು ಕೆಲವೇ ನಿಮಿಷ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಂಥ ಕಡೆ ಮೊದಲು ತಲುಪಿದ್ದು ಔಷಧಿ, ಏಕೆಂದರೆ ತಲುಪಿಸಲು ಸಾಧ್ಯವಿದ್ದದ್ದು ಅದೇ. ಮಾತ್ರೆ ಬರೆಯುವ ಡಾಕ್ಟರನ್ನು ಸೋಮಾರಿ ಎನ್ನುವವರು ಆ ಕೊಠಡಿಯಲ್ಲಿ ಒಂದು ಬೆಳಿಗ್ಗೆ ಕೂತು ಬರಬೇಕು.

ಹಾಗಾದರೆ ಮಾತ್ರೆಯಿಂದ ಎಷ್ಟು ನಿದ್ದೆ ಸಿಗುತ್ತದೆ? ಜೊಲ್ಪಿಡೆಮ್ ಗುಂಪಿನ ಮಾತ್ರೆಗಳ ಬಗ್ಗೆ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಔಷಧಿಯಿಲ್ಲದ ಹುಸಿಮಾತ್ರೆಗಿಂತ ಇವು ನಿದ್ದೆ ಹತ್ತುವ ಹೊತ್ತನ್ನು ಸುಮಾರು 22 ನಿಮಿಷ ತಗ್ಗಿಸಿದವು. ಹುಸಿಮಾತ್ರೆ ನುಂಗಿದವರಿಗೂ ಸಾಕಷ್ಟು ಗುಣ ಕಂಡಿತ್ತು ಎಂಬುದನ್ನೂ ಅದು ದಾಖಲಿಸಿತು. 22 ನಿಮಿಷ ಕಡಿಮೆಯೆನ್ನಿಸಬಹುದು. ಒಂದೂವರೆ ಗಂಟೆ ಹೊರಳಾಡುವವರಿಗೆ ಅದು ಕಡಿಮೆಯಲ್ಲ.

ಬೆಲೆ ತೆರಬೇಕಾದದ್ದು ವಯಸ್ಸಾದವರು. 60 ದಾಟಿದವರ ಬಗ್ಗೆ ಅದೇ ಪತ್ರಿಕೆಯಲ್ಲಿ 2005ರಲ್ಲಿ ಬಂದ ಲೆಕ್ಕ ನನ್ನನ್ನು ಬಹಳ ಕಾಡಿದೆ: 13 ಮಂದಿ ಮಾತ್ರೆ ತೆಗೆದುಕೊಂಡರೆ ಒಬ್ಬರ ನಿದ್ದೆ ಸುಧಾರಿಸುತ್ತದೆ, 6 ಮಂದಿ ತೆಗೆದುಕೊಂಡರೆ ಒಬ್ಬರಿಗೆ ಅಡ್ಡಪರಿಣಾಮವಾಗುತ್ತದೆ. ಮಂಪರಿನಲ್ಲಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ಎಷ್ಟು ಮನೆಗಳಲ್ಲಿ ಇಲ್ಲ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೆಂಗಸರಿಗೆ ಜೊಲ್ಪಿಡೆಮ್ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಮಿಗೆ ಇಳಿಸಿತು. ಅವರ ಮೈಯಿಂದ ಅದು ನಿಧಾನವಾಗಿ ಇಳಿಯುವುದರಿಂದ ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರುತ್ತಿತ್ತು. ನಿದ್ದೆಯಲ್ಲೇ ಎದ್ದು ನಡೆಯುವ, ಗಾಡಿ ಓಡಿಸುವ ಪ್ರಕರಣಗಳಿಂದಾಗಿ 2019ರಲ್ಲಿ ಅತಿ ಗಂಭೀರ ಎಚ್ಚರಿಕೆ ಸೇರಿಸಿತು. ಡಯಾಜೆಪಾಮ್ ಜಾತಿಯವುಗಳಿಗೆ ಅವಲಂಬನೆಯ ಬಗ್ಗೆ ಅಂಥದ್ದೇ ಎಚ್ಚರಿಕೆ 2020ರಲ್ಲಿ ಬಂತು. ಕೆಲವು ವಾರಗಳಲ್ಲೇ ಮೈ ಒಗ್ಗಿಕೊಂಡು ಮೊದಲಿನ ಪ್ರಮಾಣ ಸಾಲದಾಗಬಹುದು. ಬಿಟ್ಟ ರಾತ್ರಿ ಮೊದಲಿಗಿಂತ ಹೆಚ್ಚು ನಿದ್ದೆಗೆಡುತ್ತದೆ. ‘ನೋಡಿ, ಮಾತ್ರೆ ಇಲ್ಲದೆ ನನಗಾಗಲ್ಲ’ ಎಂಬ ನಂಬಿಕೆ ಗಟ್ಟಿಯಾಗುವುದು ಆ ರಾತ್ರಿಯೇ.

ಒಂದು ಆಪಾದನೆಯ ವಿಷಯದಲ್ಲಿ ಮಾತ್ರೆಗೆ ಸಂದೇಹದ ಲಾಭ ಕೊಡಬೇಕು. ಇವುಗಳಿಂದ ಮರೆಗುಳಿ ರೋಗ ಬರುತ್ತದೆ ಎಂಬ ಸುದ್ದಿ ಆಗಾಗ ಹರಡುತ್ತದೆ. ಕೆಲವು ಅಧ್ಯಯನಗಳಲ್ಲಿ ನಂಟು ಕಂಡದ್ದು ನಿಜ. ಆದರೆ ಮರೆವಿನ ಕಾಯಿಲೆ ಹೊರಗೆ ಕಾಣುವ ವರ್ಷಗಳ ಮುಂಚೆಯೇ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟವರು ಮಾತ್ರೆಗೆ ಹೋಗುತ್ತಾರೆ. ಯಾವುದರಿಂದ ಯಾವುದು ಎಂದು ಬಿಡಿಸುವುದು ಸುಲಭವಲ್ಲ. ತೆಗೆದುಕೊಂಡಿರುವಾಗ ನೆನಪು ಮಸುಕಾಗುವುದು ಖಚಿತ. ಅದಕ್ಕಿಂತ ಮುಂದಿನದನ್ನು ಹೇಳಿ ಹೆದರಿಸಬಾರದು.

ಇನ್ನೊಂದು ಕಡೆ ಇರುವುದು ಅರಿವು ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ, ಡಾಕ್ಟರುಗಳ ಬಾಯಲ್ಲಿ ಸಿಬಿಟಿ-ಐ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ, ಯುರೋಪಿನ ನಿದ್ರಾ ಸಂಶೋಧನಾ ಸಂಘ 2017ರಲ್ಲಿ, ದೀರ್ಘಕಾಲದ ನಿದ್ರಾಹೀನತೆಗೆ ಇದೇ ಮೊದಲ ಚಿಕಿತ್ಸೆ ಎಂದವು. ಇದನ್ನು ಬರೀ ಸಮಾಧಾನದ ಮಾತು ಎಂದು ತಿಳಿಯಬಾರದು. ಇದರ ಬೆನ್ನೆಲುಬು ಎರಡು ಕಟ್ಟುನಿಟ್ಟು. ರಿಚರ್ಡ್ ಬೂಟ್‌ಜಿನ್ 1972ರಲ್ಲಿ ಹೇಳಿದ್ದು: ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ, ಹೋಗಿ ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬಾರದಿದ್ದರೆ ಎದ್ದುಬಿಡಿ, ಎಷ್ಟೇ ಕಡಿಮೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಸ್ಪೀಲ್‌ಮನ್ ಹೇಳಿದ್ದು: ನಿಜವಾಗಿ ಬರುತ್ತಿರುವ ನಿದ್ದೆ ಐದೂವರೆ ಗಂಟೆಯಾದರೆ ಹಾಸಿಗೆಯಲ್ಲಿ ಇರುವುದೂ ಅಷ್ಟೇ ಹೊತ್ತು, ಆದರೆ 5 ಗಂಟೆಗಿಂತ ಕಡಿಮೆ ಮಾಡಬಾರದು ಎಂಬುದು ಈಗಿನ ರೂಢಿ. ನಿದ್ದೆ ಗಟ್ಟಿಯಾದಂತೆ ವಾರಕ್ಕೆ 15 ನಿಮಿಷದಂತೆ ಹೆಚ್ಚಿಸುತ್ತ ಹೋಗುವುದು. ಮೇಲೆ ಹೇಳಿದ ಹಿರಿಯರ ಹತ್ತು ಗಂಟೆಯ ಹಾಸಿಗೆ ಇಲ್ಲಿ ಐದು ಗಂಟೆಗೆ ಇಳಿಯುತ್ತದೆ. ಒತ್ತಡ ಏರುತ್ತದೆ, ಹಾಸಿಗೆ ಮತ್ತೆ ನಿದ್ದೆಯ ಜಾಗವಾಗುತ್ತದೆ.

2015ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ಈ ಚಿಕಿತ್ಸೆಯಿಂದ ನಿದ್ದೆ ಹತ್ತುವ ಹೊತ್ತು ಸುಮಾರು 19 ನಿಮಿಷ, ನಡುರಾತ್ರಿಯ ಎಚ್ಚರ 26 ನಿಮಿಷ ತಗ್ಗಿತು. ನಿಮಿಷದ ಲೆಕ್ಕದಲ್ಲಿ ಮಾತ್ರೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಅಂತರ ಕಾಣುವುದು ಆಮೇಲೆ. ಮಾತ್ರೆ ನಿಲ್ಲಿಸಿದರೆ ಅದರ ಲಾಭವೂ ನಿಲ್ಲುತ್ತದೆ. ಕಲಿತ ಕ್ರಮ ತಿಂಗಳುಗಳ ನಂತರವೂ ಕೆಲಸ ಮಾಡುತ್ತಿರುತ್ತದೆ.

ಇದರ ಪರ ಮಾತಾಡುವವರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಗಳೂ ಇವೆ. ಅದೇ ವಿಶ್ಲೇಷಣೆಯಲ್ಲಿ ಒಟ್ಟು ನಿದ್ದೆ ಹೆಚ್ಚಿದ್ದು 8 ನಿಮಿಷದಷ್ಟೂ ಇಲ್ಲ. ನಿದ್ದೆ ಗಟ್ಟಿಯಾಗುತ್ತದೆ, ಉದ್ದವಾಗುವುದಿಲ್ಲ. ಮೊದಲ ಒಂದೆರಡು ವಾರ ಹಗಲೆಲ್ಲ ತೂಕಡಿಕೆ, ಸಿಡುಕು. ಎಷ್ಟೋ ಮಂದಿ ಅಲ್ಲೇ ಬಿಟ್ಟುಬಿಡುತ್ತಾರೆ. ಬಸ್ಸು, ಲಾರಿ ಓಡಿಸುವವರಿಗೆ, ಫಿಟ್ಸ್ ಇರುವವರಿಗೆ, ಬೈಪೋಲಾರ್ ಇರುವವರಿಗೆ ನಿದ್ದೆ ಕಡಿತ ಅಪಾಯವೂ ಆಗಬಹುದು. ಇನ್ನು ಮನೆಯ ಪರಿಸ್ಥಿತಿ. ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ ಎನ್ನುತ್ತದೆ ನಿಯಮ. ಒಂದೇ ಕೋಣೆಯಲ್ಲಿ ಐದು ಜನ ಸಾಲಾಗಿ ಮಲಗುವ ಮನೆಯಲ್ಲಿ ಬೇರೆ ಕೋಣೆ ಎಲ್ಲಿದೆ? ರಾತ್ರಿ 1 ಗಂಟೆಯವರೆಗೆ ಎದ್ದಿರಿ ಎಂದರೆ, 5ಕ್ಕೆ ಎದ್ದು ನೀರು ಹಿಡಿದು, ತಿಂಡಿ ಮಾಡಿ, ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕಾದ ಹೆಂಗಸು ಏನು ಮಾಡಬೇಕು? ಈ ಪ್ರಶ್ನೆಗಳಿಗೆ ಉತ್ತರವೇ ಇಲ್ಲ ಎಂದಲ್ಲ. ಎದ್ದು ಹಾಸಿಗೆಯ ಪಕ್ಕ ಗೋಡೆಗೆ ಒರಗಿ ಕೂರಬಹುದು. ಏಳುವ ಹೊತ್ತನ್ನು ಮೊದಲು ಗುರುತುಮಾಡಿ ಮಲಗುವ ಹೊತ್ತನ್ನು ಹಿಂದಕ್ಕೆ ಎಣಿಸಬಹುದು. ಆದರೆ ಅದನ್ನು ಅವರ ಜೊತೆ ಕೂತು, ಅವರ ಮನೆ ನೋಡಿ ಹೊಂದಿಸಿಕೊಡಲು ಒಬ್ಬರು ಬೇಕು.

ಇನ್ನೊಂದು ಎಡವಟ್ಟನ್ನು ಒತ್ತಿ ಹೇಳಬೇಕು. ‘ಕಾಫಿ ಬಿಡಿ, ಮೊಬೈಲ್ ನೋಡಬೇಡಿ, ಬೇಗ ಮಲಗಿ’ ಎಂಬ ಬುದ್ಧಿಮಾತನ್ನು ಕೊಟ್ಟು, ಔಷಧಿಯಿಲ್ಲದ ಚಿಕಿತ್ಸೆ ಕೊಟ್ಟಾಯಿತು ಎನ್ನುವವರಿದ್ದಾರೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2021ರಲ್ಲಿ, ಬರೀ ಈ ನಿದ್ರಾಶಿಸ್ತಿನ ಸಲಹೆಯನ್ನೇ ಚಿಕಿತ್ಸೆಯಾಗಿ ಬಳಸಬೇಡಿ ಎಂದಿತು. ‘ಬೇಗ ಮಲಗಿ’ ಎಂಬುದಂತೂ ಇಲ್ಲಿ ತದ್ವಿರುದ್ಧ ಸಲಹೆ. ಇದನ್ನೆಲ್ಲ ಪಾಲಿಸಿಯೂ ನಿದ್ದೆ ಬಾರದವರು ‘ಚಿಕಿತ್ಸೆಯೂ ಆಯಿತು, ಇನ್ನು ಮಾತ್ರೆಯೇ ಗತಿ’ ಎಂದು ಹೋಗುತ್ತಾರೆ. ಅವರಿಗೆ ಚಿಕಿತ್ಸೆ ಸಿಕ್ಕೇ ಇರುವುದಿಲ್ಲ.

ನಡುವಿನ ದಾರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕ 1998ರಲ್ಲಿ ಪತ್ತೆಯಾಯಿತು, ಅದನ್ನು ತಡೆಯುವ ಮೊದಲ ಮಾತ್ರೆಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಳೆಯವುಗಳಿಗಿಂತ ಅವಲಂಬನೆ ಕಡಿಮೆ ಎಂಬ ಭರವಸೆಯಿದೆ. ಮೆಲಟೊನಿನ್ ಕೆಟ್ಟ ಗಡಿಯಾರಕ್ಕೆ ನೆರವಾಗುತ್ತದೆ, ಕಾವಲು ಕೂತ ಮನಸ್ಸಿಗೆ ಅಷ್ಟಾಗಿ ಅಲ್ಲ. ಆಹಾರ, ಬ್ರಹ್ಮಚರ್ಯಗಳ ಜೊತೆಗೆ ನಿದ್ದೆಯನ್ನೂ ಬದುಕಿನ ಮೂರು ಆಧಾರಗಳಲ್ಲಿ ಒಂದೆಂದು ಚರಕಸಂಹಿತೆ ಎಣಿಸಿದ್ದು ದೊಡ್ಡ ತಿಳಿವಳಿಕೆ. ಗಸಗಸೆ ಪಾಯಸ, ನೆತ್ತಿಗೆ ಎಣ್ಣೆ ತಟ್ಟುವುದು ಹಿತ ಕೊಡುತ್ತವೆ. ವರ್ಷಗಳ ನಿದ್ರಾಹೀನತೆಯನ್ನು ಅವು ಬಗೆಹರಿಸುತ್ತವೆ ಎಂದು ಹೇಳಲಾರೆ.

ಎರಡನ್ನೂ ಎದುರುಬದುರು ನಿಲ್ಲಿಸುವುದೇ ತಪ್ಪಿರಬಹುದು ಎನ್ನಿಸುವಂತೆ ಮಾಡಿದ್ದು ಕೆನಡಾದ ಚಾರ್ಲ್ಸ್ ಮೊರಿನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು 160 ಮಂದಿಯಲ್ಲಿ ಕೆಲವರಿಗೆ ಚಿಕಿತ್ಸೆಯೊಂದನ್ನೇ, ಉಳಿದವರಿಗೆ ಅದರ ಜೊತೆ 6 ವಾರ ಜೊಲ್ಪಿಡೆಮ್ ಕೊಟ್ಟರು. ದೀರ್ಘಕಾಲದಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದವರು ಮೊದಲು ಎರಡನ್ನೂ ಪಡೆದು, ಆಮೇಲೆ ಮಾತ್ರೆ ಬಿಟ್ಟು ಚಿಕಿತ್ಸೆ ಮುಂದುವರಿಸಿದವರು. ಶುರುಮಾಡಿದ ಕಾರಣದ ಹೊಡೆತ ತಡೆಯಲು ಮಾತ್ರೆ, ಉಳಿಸಿಕೊಂಡಿರುವ ಕಾರಣ ಬಿಡಿಸಲು ಚಿಕಿತ್ಸೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹಾಗಾಗಿ ಮಾತ್ರೆ ಬರೆದ ದಿನವೇ ಅದು ಯಾವತ್ತಿಗೆ ನಿಲ್ಲಬೇಕು ಎಂಬುದೂ ಚೀಟಿಯ ಮೇಲೆ ಇರಬೇಕು. ನಮ್ಮಲ್ಲಿ ಆಗುತ್ತಿರುವ ಹಾನಿಯ ದೊಡ್ಡ ಪಾಲು ಮಾತ್ರೆ ಶುರುವಾದದ್ದರಿಂದಲ್ಲ, ನಿಲ್ಲಿಸಲು ಯಾರೂ ಕರೆಯದೆ ಹೋದದ್ದರಿಂದ.

ಕಲಿಸುವವರು ಮನೋವೈದ್ಯರೇ ಆಗಬೇಕೆಂದೂ ಇಲ್ಲ. ಇಂಗ್ಲೆಂಡಿನಲ್ಲಿ 642 ಮಂದಿಯ ಮೇಲೆ ನಡೆದು 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಸಿಗೆ ಹೊತ್ತು ತಗ್ಗಿಸುವ ಕ್ರಮವನ್ನು ಕಲಿಸಿದವರು ಸಾಮಾನ್ಯ ಕ್ಲಿನಿಕ್ಕುಗಳ ನರ್ಸುಗಳು. ಅಲ್ಪ ತರಬೇತಿ ಸಾಕಾಯಿತು, 6 ತಿಂಗಳ ನಂತರವೂ ಗುಣ ಉಳಿದಿತ್ತು. ಬಳ್ಳಾರಿಯಲ್ಲಿ ಸಾಮಾನ್ಯ ಡಾಕ್ಟರುಗಳ ಕೈಗೆ ಮನೋವೈದ್ಯವನ್ನು ಒಪ್ಪಿಸಿ ತೋರಿಸಿದ ನಾಡಿಗೆ, ಸ್ಟಾಫ್ ನರ್ಸುಗಳಿಗೆ ಇದನ್ನು ಕಲಿಸುವುದು ಆಗದ ಮಾತಲ್ಲ. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯಲ್ಲಿ, 14416ರಲ್ಲಿ, ಕನ್ನಡದಲ್ಲಿ ಮಾತಾಡುವ ಆಪ್ತಸಮಾಲೋಚಕರು ಈಗಲೇ ಇದ್ದಾರೆ.

ಉಳಿದವರು ಹತ್ತು, ಇಪ್ಪತ್ತು ವರ್ಷಗಳಿಂದ ಮಾತ್ರೆ ನುಂಗುತ್ತಿರುವವರು. ಅವರನ್ನು ನಾಚಿಸಬಾರದು. ಹೆದರಿಸಿ ಒಂದೇ ದಿನದಲ್ಲಿ ಬಿಡಿಸಲೂಬಾರದು. ಡಯಾಜೆಪಾಮ್ ಜಾತಿಯವನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಇಂಥ 303 ಹಿರಿಯರನ್ನು ಅವರು ಮಾತ್ರೆ ಕೊಳ್ಳುವ ಮೆಡಿಕಲ್ ಶಾಪುಗಳ ಮೂಲಕ ಹುಡುಕಿ, ಅರ್ಧದಷ್ಟು ಮಂದಿಗೆ ಒಂದು ಪುಸ್ತಿಕೆ ಕೊಟ್ಟರು. ಮಾತ್ರೆಯ ಅಪಾಯಗಳು, ಪರ್ಯಾಯಗಳು, ಮತ್ತು ಪೂರ್ತಿ, ಅರ್ಧ, ಕಾಲು ಎಂದು 21 ವಾರಗಳಲ್ಲಿ ಇಳಿಸುವ ಕ್ರಮ ಅದರಲ್ಲಿ ಚಿತ್ರವಾಗಿ ಇದ್ದವು. 6 ತಿಂಗಳಲ್ಲಿ ನೂರಕ್ಕೆ 27 ಮಂದಿ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ನೂರಕ್ಕೆ 5. ನಮ್ಮಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೊಲ್ಪಿಡೆಮ್ ಇವೆಲ್ಲ ಎಚ್-1 ಪಟ್ಟಿಯಲ್ಲಿವೆ. ಮಾರಿದ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದು 3 ವರ್ಷ ಪುಸ್ತಕ ಇಟ್ಟುಕೊಳ್ಳಬೇಕೆಂಬ ಕಾನೂನಿದೆ. ಅಂದರೆ ಯಾರು ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ಅಂಗಡಿಯ ಮೇಜಿನ ಮೇಲೆಯೇ ಬರೆದಿರುತ್ತದೆ. ಆ ಪುಸ್ತಕದಲ್ಲಿ ಮತ್ತೆ ಮತ್ತೆ ಹೆಸರು ಕಾಣಿಸುವವರ ಕೈಗೆ ಮಾತ್ರೆಯ ಜೊತೆ ಕನ್ನಡದ ಅಂಥದ್ದೇ ಒಂದು ಚಿತ್ರಪುಸ್ತಿಕೆಯನ್ನು ಕೊಟ್ಟು, ಇದನ್ನು ನಿಮ್ಮ ಡಾಕ್ಟರಿಗೆ ತೋರಿಸಿ ಕೇಳಿ ಎನ್ನುವುದಕ್ಕೆ ಹೊಸ ಆಸ್ಪತ್ರೆಯೂ ಬೇಡ, ಹೊಸ ಕಾನೂನೂ ಬೇಡ.